ಕೇರಳದ ಲಾಟರಿ, ನಮ್ಮ ಕಡೆಯ ಮಟ್ಕಾ

ಕೊಚ್ಚಿಯಲ್ಲಿ ನೆಲೆಸಿರುವ ನನ್ನನ್ನು ಊರಿನಿಂದ ಬರುವ ನೆಂಟರು ತಪ್ಪದೆ ಕೇಳುವುದೊಂದಿದೆ: ಇಷ್ಟು ಓದಿಕೊಂಡ ಜನ ದಿನಬೆಳಗಾದರೆ ಲಾಟರಿಗೆ ಯಾಕೆ ದುಡ್ಡು ಸುರಿಯುತ್ತಾರೆ? ಜೂಜು ಅನಕ್ಷರಸ್ಥರ ಚಟ ಎಂಬ ಎಣಿಕೆಯೇ ಈ ಪ್ರಶ್ನೆಯ ದೋಷ. ಆಟವನ್ನು ಯಾರು ಮಾರುತ್ತಾರೆ, ಯಾವ ಮರ್ಯಾದೆಯೊಡನೆ ಮಾರುತ್ತಾರೆ ಎಂಬುದು ಓದಿಗಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಕೇರಳ ಸರ್ಕಾರ 1967ರಲ್ಲಿ ಖಾಸಗಿ ಲಾಟರಿಗಳನ್ನು ನಿಷೇಧಿಸಿ ತಾನೇ ಈ ವ್ಯವಹಾರಕ್ಕೆ ಇಳಿಯಿತು. 1968ರ ಜನವರಿಯ ಮೊದಲ ಡ್ರಾದಲ್ಲಿ ಟಿಕೆಟ್ ಬೆಲೆ 1 ರೂಪಾಯಿ, ಬಹುಮಾನ 50,000. ಟಿಕೆಟ್ ಮಾರುವವರಲ್ಲಿ ವಯಸ್ಸಾದವರು, ಅಂಗವಿಕಲರು ಬಹಳ ಮಂದಿ ಇದ್ದಾರೆ; ಕಾರುಣ್ಯ ಲಾಟರಿಯ ಆದಾಯ ಬಡವರ ಚಿಕಿತ್ಸೆಗೆ ಹೋಗುತ್ತದೆ ಎಂಬುದನ್ನೂ ಎಲ್ಲರೂ ಬಲ್ಲರು. ಹೀಗಾಗಿ ಚಹದಂಗಡಿಯ ಮುಂದೆ ಟಿಕೆಟ್ ಕೊಳ್ಳುವವನಿಗೆ ತಾನು ಜೂಜಾಡುತ್ತಿದ್ದೇನೆ ಎನ್ನಿಸುವುದೇ ಇಲ್ಲ. ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ ಎಂದು 1998ರ ಕೇಂದ್ರ ಕಾಯಿದೆ ಕಡಿವಾಣ ಹಾಕಿದರೂ ವಾರದ ಒಂದೊಂದು ದಿನಕ್ಕೂ ಒಂದೊಂದು ಹೆಸರಿನ ಲಾಟರಿ ಇರುವುದರಿಂದ, ಮಧ್ಯಾಹ್ನ ಮೂರರ ಫಲಿತಾಂಶಕ್ಕೆ ಕಾಯುವುದು ದಿನದ ಪದ್ಧತಿಯಾಗಿಬಿಟ್ಟಿದೆ. ದಿನಗೂಲಿ ಇಲ್ಲಿ ನಮ್ಮಲ್ಲಿಗಿಂತ ಹೆಚ್ಚು, ಸಂಜೆಗೆ ಕೈಯಲ್ಲಿ ನಗದು ಇರುತ್ತದೆ. ಚಟ ಬಲಿತವನು ಬಿಡಿ ಟಿಕೆಟ್ ಮುಟ್ಟುವುದಿಲ್ಲ. ಕೊನೆಯ ನಾಲ್ಕು ಅಂಕಿ ಒಂದೇ ಆಗಿರುವ ಬೇರೆ ಬೇರೆ ಸರಣಿಯ ಟಿಕೆಟ್‌ಗಳನ್ನು ‘ಸೆಟ್’ ಎಂದು ಒಟ್ಟಿಗೆ ಕೊಳ್ಳುತ್ತಾನೆ, ಏಕೆಂದರೆ ಸಣ್ಣ ಬಹುಮಾನಗಳೆಲ್ಲ ಆ ನಾಲ್ಕು ಅಂಕಿಗಳ ಮೇಲೆಯೇ ನಿಂತಿವೆ.

ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಕೂಲಿ ಹಣವೆಲ್ಲ ಅಂಗಡಿ ಸೇರುತ್ತಿದ್ದುದನ್ನು ಕಂಡವರಿಗೆ ಅದು ಬೇಕಾಗಿಯೇ ಇತ್ತು, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಮಳೆ ನೆಚ್ಚಿ ಬದುಕುವ ಸೀಮೆಯಲ್ಲಿ ಬೀಜಕ್ಕೆ ಹಾಕಿದ ಹಣವೂ ಒಂದು ಬಗೆಯ ಪಂಥವೇ ಆಗಿರುವಾಗ, ಹತ್ತು ರೂಪಾಯಿಯನ್ನು ಓಸಿಗೆ, ಅಂದರೆ ಅಂಕಿಯ ಮೇಲೆ ಪಂಥ ಕಟ್ಟುವ ಮಟ್ಕಾ ಆಟಕ್ಕೆ, ಕಟ್ಟುವುದು ಅಷ್ಟೇನೂ ಹುಚ್ಚಾಗಿ ಕಾಣುವುದಿಲ್ಲ. ಬಳ್ಳಾರಿ, ಕಲಬುರಗಿಯ ಕಡೆ ಮಟ್ಕಾ ನಿಂತಿಲ್ಲ. 2015ರಲ್ಲಿ ಬಯಲಾದ ಒಂದಂಕಿ ಲಾಟರಿ ದಂಧೆಯಲ್ಲಿ ಹಿರಿಯ ಪೊಲೀಸರ ಹೆಸರೂ ಕೇಳಿಬಂತು. ಇನ್ನು ದೀಪಾವಳಿಯ ಇಸ್ಪೀಟಿಗೂ ತುಳುನಾಡಿನ ಕೋಳಿ ಅಂಕಕ್ಕೂ ಹಬ್ಬ, ಜಾತ್ರೆಯ ರಿಯಾಯಿತಿ ಇದ್ದೇ ಇದೆ. 2024ರಲ್ಲಿ ಕೇರಳದ ಓಣಂ ಹಬ್ಬದ ದೊಡ್ಡ ಲಾಟರಿಯಾದ ತಿರುವೋಣಂ ಬಂಪರಿನ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಾಗ, ಅವರು ಆ ಟಿಕೆಟನ್ನು ಗಡಿಯಾಚೆಯ ವಯನಾಡಿನಲ್ಲಿ ಕೊಂಡಿದ್ದರೆಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಎರಡೂ ಕಡೆಯ ಹಾನಿ ಮಾತ್ರ ಒಂದೇ ಬಗೆಯದಲ್ಲ. ನಮ್ಮಲ್ಲಿ ಆಡುವವನು ನಾಚಿಕೆಯಿಂದ ಅಡಗಿಸುತ್ತಾನೆ, ಬಡ್ಡಿಗೆ ಸಾಲ ತರುತ್ತಾನೆ, ಸಾಲ ಕೊಟ್ಟವರು ಬಾಗಿಲಿಗೆ ಬಂದ ಮೇಲೆ ಮನೆಯವರಿಗೆ ತಿಳಿಯುತ್ತದೆ. ಇಲ್ಲಿ ನಾಚಿಕೆಯೇ ಇಲ್ಲದ್ದರಿಂದ, ದಿನಕ್ಕೊಂದು ಸೆಟ್ ಕೊಳ್ಳುವವನ ಕೂಲಿ ಕರಗುತ್ತಿದ್ದರೂ ಅದನ್ನು ಚಟವೆಂದು ಕರೆಯುವ ಧೈರ್ಯ ಹೆಂಡತಿಗೂ ಬರುವುದಿಲ್ಲ. ಇಲ್ಲಿನ ಸರ್ಕಾರ ಟಿಕೆಟ್ ಮಾರುವವರಿಗಾಗಿ ಕ್ಷೇಮನಿಧಿ ನಡೆಸುತ್ತಿದೆ. ಒಬ್ಬನೇ ಸೆಟ್‌ಗಟ್ಟಲೆ ಕೊಳ್ಳದಂತೆ ಮಿತಿ ಹಾಕಿ, ಆದಾಯದಲ್ಲಿ ಒಂದು ಪಾಲನ್ನು ಕೊಳ್ಳುವವರ ಚಟ ಬಿಡಿಸುವುದಕ್ಕೂ ತೆಗೆದಿಡಬೇಕೆಂದು ಕೇಳುವುದು ಅತಿಯಾಗದು.