ಮಾತ್ರೆ ಕೆಲಸ ಮಾಡಿದೆ ಸ್ವಾಮಿ, ತಲೆ ಇನ್ನೂ ನಿಧಾನವಾಗಿಯೇ ಇದೆ

ಮಳೆ ಹಿಡಿಯುವ ಮೊದಲು ತೋಟಕ್ಕೆ ಗೊಬ್ಬರ ಹಾಕಿ ಮುಗಿಸಬೇಕೆಂಬ ಅವಸರದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಅರ್ಧ ಜನ ಸರತಿಯಲ್ಲಿ ನಿಂತಿರುವ ಈ ದಿನಗಳಲ್ಲಿ, ಮೊನ್ನೆ ನಾನೂ ಒಂದು ಸಹಕಾರ ಸಂಘದ ಕೌಂಟರಿನ ಮುಂದೆ ನಿಂತಿದ್ದೆ. ಒಳಗಿದ್ದ ಹುಡುಗನಿಗೆ ಕಾರ್ಯದರ್ಶಿಯವರು ಒಂದೇ ಉಸಿರಿನಲ್ಲಿ ಮೂರು ಕೆಲಸ ಹೇಳಿದರು: ಇವರ ಹೆಬ್ಬೆಟ್ಟು ತಗೊ, ಯೂರಿಯಾಕ್ಕೂ ಪೊಟ್ಯಾಷಿಗೂ ಬೇರೆ ಬೇರೆ ಬಿಲ್ ಮಾಡು, ಗೋದಾಮಿಗೆ ಫೋನ್ ಮಾಡಿ ಎಷ್ಟು ಮೂಟೆ ಉಳಿದಿದೆ ಕೇಳು. ಹುಡುಗ ಯಂತ್ರದ ಮೇಲೆ ರೈತರ ಹೆಬ್ಬೆಟ್ಟು ಇಡಿಸಿದ. ಯಂತ್ರ ಒಪ್ಪಲಿಲ್ಲ. ಬೆರಳು ಒರೆಸಿಕೊಳ್ಳಲು ಹೇಳಿ ಮತ್ತೊಮ್ಮೆ ಇಡಿಸಿದ. ಅಷ್ಟರಲ್ಲಿ ಮಿಕ್ಕ ಎರಡು ಕೆಲಸ ಅವನ ತಲೆಯಿಂದ ಜಾರಿಹೋಗಿದ್ದವು. ಪೆನ್ನು ಹಿಡಿದುಕೊಂಡು ಬಿಲ್ ಪುಸ್ತಕವನ್ನೇ ನೋಡುತ್ತ ನಿಂತ. "ಗುಳಿಗೆ ನುಂಗಿ ಹುಷಾರಾಗಿದ್ದೀಯಲ್ಲೋ ಮಾರಾಯ, ಇನ್ನೂ ಎಲ್ಲಿ ತೇಲ್ತಾ ಇದ್ದೀಯ? ಸೋಮಾರಿತನಕ್ಕೂ ಒಂದು ಮಾತ್ರೆ ಬರೆಸ್ಕೊಂಡು ಬಾ" ಎಂದರು ಕಾರ್ಯದರ್ಶಿಗಳು. ಸರತಿಯಲ್ಲಿದ್ದವರು ನಕ್ಕರು.

ಆ ಹುಡುಗನಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತು, ನನಗಿರುವುದು ನಿಮಗೆಲ್ಲ ಗೊತ್ತಿರುವ ಹಾಗೆಯೇ. ಕಾರ್ಯದರ್ಶಿಗಳು ಫೇಸ್‌ಬುಕ್ ನೋಡುವವರಲ್ಲ. ಆದರೆ ನಕ್ಕವರಲ್ಲಿ ಇಬ್ಬರು ಮೂವರು ನನ್ನ ಸ್ನೇಹಿತರ ಪಟ್ಟಿಯಲ್ಲಿಯೇ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ಉನ್ಮಾದ ಇಳಿದು, ಖಿನ್ನತೆ ಕರಗಿ, ನಿದ್ದೆ ಊಟ ಸರಿಹೋದ ಮೇಲೆ ರೋಗಿ ಮೊದಲಿನಂತಾದ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಈ ನಂಬಿಕೆಗೆ ಗೌರವಸ್ಥ ಪೂರ್ವಜರೂ ಇದ್ದಾರೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ದೊಡ್ಡ ಮನೋರೋಗಗಳನ್ನು ಎರಡಾಗಿ ವಿಂಗಡಿಸಿದಾಗ, ಬುದ್ಧಿ ಕ್ರಮೇಣ ಕ್ಷೀಣಿಸುವ ಗುಂಪನ್ನು ಒಂದು ಕಡೆಗೂ, ಏರಿಳಿತಗಳ ನಡುವೆ ಚೇತರಿಸಿಕೊಳ್ಳುವ ನಮ್ಮಂಥವರ ಗುಂಪನ್ನು ಇನ್ನೊಂದು ಕಡೆಗೂ ಇಟ್ಟರು. ಆ ವಿಂಗಡಣೆ ಬಹಳ ಕಾಲ ನಮಗೆ ಸಮಾಧಾನ ಕೊಟ್ಟಿತು, ಅದೇ ಹೊತ್ತಿಗೆ ನಮ್ಮ ಒಂದು ತೊಂದರೆಯನ್ನು ಯಾರೂ ವಿಚಾರಿಸದ ಹಾಗೆಯೂ ಮಾಡಿತು. ಈಚಿನ ದಶಕಗಳಲ್ಲಿ ಮನಸ್ಸು ಸಮಸ್ಥಿತಿಯಲ್ಲಿರುವಾಗಲೇ ರೋಗಿಗಳನ್ನು ಕೂರಿಸಿ ಪರೀಕ್ಷಿಸಿದ ಅಧ್ಯಯನಗಳು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಗಮನ, ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ, ಯೋಚನೆಯ ವೇಗ, ಒಂದು ಕೆಲಸದಿಂದ ಇನ್ನೊಂದಕ್ಕೆ ತಿರುಗಿಕೊಳ್ಳುವ ಚುರುಕು, ಇವು ಸರಾಸರಿಯಲ್ಲಿ ಕಡಿಮೆಯಾಗಿಯೇ ಉಳಿಯುತ್ತವೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಏನೂ ಆಗಿರುವುದಿಲ್ಲ, ಕೆಲವರಿಗೆ ಅಲ್ಪ, ಕೆಲವರಿಗೆ ಬದುಕೇ ಬದಲಾಗುವಷ್ಟು.

ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿ, ಪ್ರತಿ ಸಲವೂ ನೆನಪಿದ್ದಷ್ಟನ್ನು ಹೇಳಿಸಿ, ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ಹಚ್ಚಿ, ಆಮೇಲೆ ಮತ್ತೆ ಕೇಳುವ ಒಂದು ಪರೀಕ್ಷೆಯಿದೆ. ನನಗೂ ಮಾಡಿದ್ದರು. ಮೊದಲ ಪದ ನೆನಪಿರುತ್ತದೆ, ಕೊನೆಯದು ನೆನಪಿರುತ್ತದೆ, ನಡುವಿನವು ಈಗತಾನೇ ಎದ್ದು ಹೋದ ನೆಂಟರಂತೆ ಕುರ್ಚಿ ಬೆಚ್ಚಗಿಟ್ಟು ಮಾಯವಾಗಿರುತ್ತವೆ. ಹುಡುಗ ಕೌಂಟರಿನಲ್ಲಿ ನಿಂತಿದ್ದಾಗ ಅವನ ಮುಖದಲ್ಲಿ ಕಂಡದ್ದು ಆ ನಡುವಿನ ಪದಗಳನ್ನು ಹುಡುಕುವ ಮುಖ. ಸೋಮಾರಿಯ ಮುಖ ಹಾಗಿರುವುದಿಲ್ಲ. ಸೋಮಾರಿ ನೆಮ್ಮದಿಯಾಗಿರುತ್ತಾನೆ.

ಇಲ್ಲಿಗೆ ಬಂದ ಕೂಡಲೇ ನಮ್ಮ ದೊಡ್ಡಪ್ಪನವರ ವಾದ ಎದ್ದು ನಿಲ್ಲುತ್ತದೆ. ನನ್ನ ಎಂಆರ್‌ಐ ವರದಿಯನ್ನು ಅವರು ಆಸ್ತಿ ಪತ್ರದ ಹಾಗೆ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. "ಮೆದುಳು ನಾರ್ಮಲ್ ಅಂತ ಅವರೇ ಬರೆದು ಕೊಟ್ಟಿದ್ದಾರಲ್ಲೋ, ಇನ್ನೇನು ನಿಂಗೆ ರೋಗ?" ಎಂದು ಬಂದವರ ಮುಂದೆಲ್ಲ ತೆಗೆದು ತೋರಿಸುತ್ತಾರೆ. ದೊಡ್ಡಪ್ಪ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ತೆಗೆಯುವ ಎಂಆರ್‌ಐಯಲ್ಲಿ ವೈದ್ಯರು ಹುಡುಕುವುದು ಗಡ್ಡೆ ಇದೆಯೇ, ರಕ್ತ ಸೋರಿದೆಯೇ, ಪಾರ್ಶ್ವವಾಯುವಿನ ಗುರುತಿದೆಯೇ ಎಂಬುದನ್ನು. ಅವು ಯಾವುವೂ ಇಲ್ಲವೆಂಬುದೇ ಆ ವರದಿಯ ಅರ್ಥ. ನಾನು ಹೇಳುತ್ತಿರುವ ವ್ಯತ್ಯಾಸ ಮೆದುಳಿನ ಭಾಗಗಳ ನಡುವಿನ ಸಂಪರ್ಕದಲ್ಲಿ ಇರುವಂಥದ್ದು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಚಿಕ್ಕಮಗಳೂರೂ ಇದ್ದಲ್ಲೇ ಇರುತ್ತದೆ, ಮಂಗಳೂರೂ ಇದ್ದಲ್ಲೇ ಇರುತ್ತದೆ, ಹೋಗುವುದಕ್ಕೆ ಮಾತ್ರ ಕುದುರೆಮುಖವನ್ನೋ ಶಿರಾಡಿಯನ್ನೋ ಸುತ್ತಬೇಕು.

ಈ ಸಂಪರ್ಕವನ್ನು ನೋಡುವುದಕ್ಕೆ ಬೇರೆ ವಿಧಾನವಿದೆ. ಮೆದುಳಿನ ಬಿಳಿ ದ್ರವ್ಯದಲ್ಲಿ ನರತಂತುಗಳು ಕಟ್ಟುಕಟ್ಟಾಗಿ ಹರಿದಿವೆ. ಅಲ್ಲಿನ ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುತ್ತವೆ. ಆ ಚಲನೆಯ ದಿಕ್ಕು ಎಷ್ಟು ಕಟ್ಟುನಿಟ್ಟಾಗಿದೆ ಎಂದು ಅಳೆದರೆ ತಂತುಗಳ ಜೋಡಣೆಯ ಸುಳಿವು ಸಿಗುತ್ತದೆ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಇಂಥ ಚಿತ್ರಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಬೈಪೋಲಾರ್ ಇರುವವರು. ವ್ಯತ್ಯಾಸ ಹೆಚ್ಚು ಎದ್ದು ಕಂಡದ್ದು ಎಡ ಬಲ ಮಿದುಳುಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್‌ನಲ್ಲಿ ಮತ್ತು ಸಿಂಗ್ಯುಲಮ್ ಎಂಬ ತಂತುಗಳ ಕಟ್ಟಿನಲ್ಲಿ. ಕಾರ್ಪಸ್ ಕಲೋಸಮ್ ಒಂದರಲ್ಲೇ ಸುಮಾರು 20 ಕೋಟಿ ತಂತುಗಳಿವೆ. ಇದಲ್ಲದೆ, ಭಾವನೆಗಳ ಕೇಂದ್ರಗಳಲ್ಲಿ ಒಂದಾದ ಅಮಿಗ್ಡಲಕ್ಕೂ ಅದಕ್ಕೆ ಲಗಾಮು ಹಾಕುವ ಹಣೆಭಾಗದ ಮಿದುಳಿಗೂ ನಡುವಿನ ಹೊಂದಾಣಿಕೆ ಬೇರೆಯಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಸುಮ್ಮನೆ ಕುಳಿತಾಗ ಚಟುವಟಿಕೆಯಿಂದಿರುವ ಜಾಲ, ಕೆಲಸ ಶುರುವಾದಾಗ ಹಿಂದೆ ಸರಿದು ಗಮನದ ಜಾಲಕ್ಕೆ ಜಾಗ ಬಿಡಬೇಕು. ಆ ಸರಿದಾಟವೂ ನಮ್ಮಲ್ಲಿ ಅಷ್ಟು ಚೊಕ್ಕವಾಗಿ ಆಗುವುದಿಲ್ಲ ಎಂಬ ವರದಿಗಳಿವೆ. ಇವೆಲ್ಲ ಗುಂಪಿನ ಸರಾಸರಿಗಳು. ಒಬ್ಬನ ಮಿದುಳಿನ ಚಿತ್ರ ನೋಡಿ ಇವನಿಗೆ ಬೈಪೋಲಾರ್ ಇದೆ ಎಂದಾಗಲಿ, ಇವನು ಬಿಲ್ ಮಾಡುವಾಗ ತಡವರಿಸುತ್ತಾನೆ ಎಂದಾಗಲಿ ಇವತ್ತಿನ ಮಟ್ಟಿಗೆ ಯಾರೂ ಹೇಳಲಾರರು. ಆದ್ದರಿಂದ ದಯವಿಟ್ಟು ಯಾರೂ ಸ್ಕ್ಯಾನಿಂಗ್ ಸೆಂಟರಿಗೆ ಓಡಬೇಡಿ. ಅವರ ವ್ಯಾಪಾರ ಈಗಲೇ ಚೆನ್ನಾಗಿದೆ.

ಇನ್ನೊಂದು ವಾದವಿದೆ, ಅದು ಓದಿಕೊಂಡವರ ವಾದ: ಇದೆಲ್ಲ ಆ ಮಾತ್ರೆಗಳಿಂದಲೇ, ಮಾತ್ರೆ ಬಿಟ್ಟರೆ ತಲೆ ಚುರುಕಾಗುತ್ತದೆ. ಇದರಲ್ಲಿ ಒಂದು ಚಿಟಿಕೆ ಸತ್ಯವಿದೆ, ಆ ಚಿಟಿಕೆಯೇ ಅಪಾಯ. ಕೆಲವು ಔಷಧಿಗಳು ಯೋಚನೆಯನ್ನು ಮಂದಗೊಳಿಸುವುದು ನಿಜ. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರಲ್ಲಿ ಥೈರಾಯ್ಡ್ ಕುಗ್ಗುವುದುಂಟು, ಹಾಗೆ ಕುಗ್ಗಿದಾಗಲೂ ತಲೆ ಜಡವಾಗುತ್ತದೆ. ಅದಕ್ಕೇ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದು. ಆದರೆ ಕಾಯಿಲೆಯೇ ಇಲ್ಲದ, ಮಾತ್ರೆಯನ್ನೇ ಮುಟ್ಟದ ಒಡಹುಟ್ಟಿದವರಲ್ಲೂ ಇಂಥ ಕೊರತೆ ಅಲ್ಪ ಪ್ರಮಾಣದಲ್ಲಿ ಕಂಡುಬಂದಿರುವಾಗ ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟುವುದು ಹೇಗೆ? ಮೇಲೆ ಹೇಳಿದ ಎನಿಗ್ಮಾ ಅಧ್ಯಯನದಲ್ಲಿ ಲಿಥಿಯಂ ಸೇವಿಸುತ್ತಿದ್ದವರ ತಂತುಗಳ ಅಳತೆ ಉಳಿದ ರೋಗಿಗಳಿಗಿಂತ ಉತ್ತಮವಾಗಿಯೇ ಇತ್ತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಅದು ಕೆಲಸ ಮಾಡುತ್ತದೆಂದು ಬರೆದಾಗಿನಿಂದ ಇವತ್ತಿನವರೆಗೆ ನಮ್ಮಂಥವರನ್ನು ಅದು ಕಾದಿದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಉನ್ಮಾದಗಳು ಹೆಚ್ಚಾದಂತೆಲ್ಲ ನೆನಪಿನ ತೊಂದರೆಯೂ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಚುರುಕಾಗಲು ಮಾತ್ರೆ ಬಿಡಿ ಎಂದು ಉಪದೇಶಿಸುವವರು ಆಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಾವಲು ಕೂರಲು ಬರುವುದಿಲ್ಲ.

ಈಗ ನನ್ನ ವಿಷಯ. ನನಗೆ ಮತ್ತೆ ಉನ್ಮಾದ ಬರುತ್ತದೆಂಬ ಭಯ ಅಷ್ಟಾಗಿ ಇಲ್ಲ. ಅದು ಬರುವ ದಾರಿ ನನಗೆ ಗೊತ್ತು, ನಿದ್ದೆ ಕಡಿಮೆಯಾಗುವುದರಿಂದ ಶುರುವಾಗುತ್ತದೆ. ನಾನು ಹೆದರುವುದು ಬೆಳೆಗಾರರ ಲೆಕ್ಕಪುಸ್ತಕದ ಮುಂದೆ ಕೂತಾಗ. ಕೂಲಿ ಮುಂಗಡವನ್ನು ಕಳೆದು ಬಾಕಿ ಬರೆಯಬೇಕಾದ ಸಾಲಿನಲ್ಲಿ, ಕಳೆದೆನೋ ಇಲ್ಲವೋ ಎಂದು ಬೆರಳಿಟ್ಟುಕೊಂಡು ಮತ್ತೆ ಮೊದಲಿನಿಂದ ಓದುತ್ತೇನೆ. ಹಿಂದೆ ಇದೇ ಲೆಕ್ಕವನ್ನು ಮಾತಾಡುತ್ತಲೇ ಮಾಡುತ್ತಿದ್ದೆ. ಆ ಹಿಂದಿನವನನ್ನು ನೆನೆದು ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಹೇಳಿದರೆ ಜನ "ವಯಸ್ಸಾಯ್ತು, ನಮಗೂ ಹಾಗೇ" ಎಂದು ನಗುತ್ತಾರೆ. ನಿಮಗೆ ಹಾಗೆ ಆಗುವುದು ಕನ್ನಡಕ ಹುಡುಕುವಾಗ. ನನಗೆ ಹೊಟ್ಟೆಪಾಡಿನ ಕೆಲಸದ ನಟ್ಟನಡುವೆ.

ಸಿಟ್ಟು ಕಾರ್ಯದರ್ಶಿಯೊಬ್ಬರ ಮೇಲೆ ಮಾತ್ರ ಇಲ್ಲ. ಚಿಕಿತ್ಸಾ ಕೋಣೆಯಲ್ಲಿ ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಿಟ್ಟು ಬರುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಓದಿದ್ದು ತಲೆಯಲ್ಲಿ ನಿಲ್ಲುತ್ತದೆಯೇ ಎಂದು ಎಷ್ಟು ಕಡೆ ಕೇಳುತ್ತಾರೆ? ನಮ್ಮ ಭಾಷಿಕರಿಗೂ ಹೊಂದುವಂಥ ಪರೀಕ್ಷೆಗಳ ಗುಚ್ಛವನ್ನು ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲೇ ಹೊರತಂದಿದೆ, ಆದರೆ ಹೊರಗೆ ಐವತ್ತು ಜನ ಕಾಯುತ್ತಿರುವಾಗ ಒಬ್ಬನೇ ಮನೋವೈದ್ಯ ಅದನ್ನು ಯಾವಾಗ ಮಾಡಬೇಕು ಎಂಬುದೂ ನನಗೆ ಅರ್ಥವಾಗುತ್ತದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಹೋದರೂ ಅದೇ ಕಥೆ. 2016ರ ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯ್ದೆ ಮನೋರೋಗವನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ, ಶೇಕಡಾ 40 ಇದ್ದರೆ ಸೌಲಭ್ಯಗಳಿಗೆ ದಾರಿಯಿದೆ. ಅಳೆಯುವ ಪಟ್ಟಿಯಲ್ಲಿ ಇರುವುದು ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ನಮಸ್ಕಾರ ಹೇಳಿ ಕೂತವನ ಯೋಚನೆಯ ವೇಗ ಅದರಲ್ಲಿ ಎಲ್ಲಿ ಕಾಣಬೇಕು?

ಮಾಡಬಹುದಾದದ್ದು ಇದೆ, ಅದೇ ಹೊಟ್ಟೆ ಉರಿಸುವ ಸಂಗತಿ. ಸ್ಪೇನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 239 ಬೈಪೋಲಾರ್ ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ವಾರಕ್ಕೊಂದರಂತೆ 21 ತರಗತಿ ನಡೆಸಿ, ಗಮನ, ನೆನಪು, ಕೆಲಸಗಳ ಯೋಜನೆ ಇವನ್ನು ದಿನನಿತ್ಯದ ಬದುಕಿಗೆ ಹೊಂದಿಸಿ ಅಭ್ಯಾಸ ಮಾಡಿಸಿದರು. ಮಾಮೂಲಿ ಚಿಕಿತ್ಸೆಯಷ್ಟನ್ನೇ ಪಡೆದವರಿಗಿಂತ ಈ ಗುಂಪಿನವರ ಕೆಲಸಕಾರ್ಯ, ಬದುಕಿನ ನಿರ್ವಹಣೆ ಸುಧಾರಿಸಿತು. ಅಷ್ಟೆಲ್ಲ ನಮ್ಮ ಜಿಲ್ಲೆಗೆ ಬರುವವರೆಗೆ ಒಂದು ಬಿಳಿ ಹಲಗೆಯಾದರೂ ಸಾಕು. ಆ ಹುಡುಗನ ಕೌಂಟರಿನ ಪಕ್ಕದಲ್ಲಿ ಹೆಬ್ಬೆಟ್ಟು, ಬಿಲ್, ಗೋದಾಮು ಎಂದು ಬರೆದಿಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅವನ ಬಿಲ್ ತಪ್ಪಾಗುವುದು ಕಡಿಮೆಯಾಗುತ್ತದೆಯೋ ಇಲ್ಲವೋ ನೋಡಿ. ಸರ್ಕಾರಿ ಸಂಸ್ಥೆಗಳು ಅಂಗವೈಕಲ್ಯವುಳ್ಳ ನೌಕರರಿಗೆ ಇಂಥ ಅನುಕೂಲ ಮಾಡಿಕೊಡಬೇಕೆಂದು ಅದೇ 2016ರ ಕಾಯ್ದೆ ಹೇಳುತ್ತದೆ. ಸಂಘಗಳು ಕಾಯ್ದೆಗೆ ಕಾಯದೆ ಮಾಡಿದರೂ ಯಾರೂ ಬೇಡವೆನ್ನುವುದಿಲ್ಲ.

ಮನೆಯಲ್ಲಿ ಹೀಗೆ ಒದ್ದಾಡುತ್ತಿರುವವರಿದ್ದರೆ ಮುಂದಿನ ಸಲ ವೈದ್ಯರನ್ನು ಕಂಡಾಗ ನೆನಪಿನ ಮಾತನ್ನು ನೀವೇ ಎತ್ತಿ, ಥೈರಾಯ್ಡ್ ಪರೀಕ್ಷೆ ಕೇಳಿ. ಫೋನಿನಲ್ಲಿ ಮಾತಾಡಬೇಕೆನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಕಾಮೆಂಟಿನಲ್ಲಿ ಒಂದೆಲಗದ ತಂಬುಳಿ ಕುಡಿಯಿರಿ ಎಂದು ಬರೆಯಲು ಬೆರಳು ಚಾಚಿರುವವರಿಗೆ ಮುಂಚೆಯೇ ತಿಳಿಸುತ್ತೇನೆ: ನಮ್ಮ ಹಿತ್ತಲಲ್ಲಿ ಅದು ಧಾರಾಳವಾಗಿ ಬೆಳೆದಿದೆ, ಬೇಸಿಗೆಯಲ್ಲಿ ದಿನವೂ ಮಾಡುತ್ತೇವೆ, ಅನ್ನಕ್ಕೆ ಕಲಸಿಕೊಳ್ಳಲು ಬಹಳ ಚೆನ್ನಾಗಿರುತ್ತದೆ, ಅಷ್ಟೇ.