10ರ ಸಾಕೆಟ್

ಶಿವರಾತ್ರಿ ಮುಗಿದು ಚಳಿ ‘ಶಿವ ಶಿವಾ’ ಅಂತ ಹೋದ ಮೇಲೆ ದಾವಣಗೆರೆಯಲ್ಲಿ ಮಧ್ಯಾಹ್ನ ಕಾರು ಹತ್ತುವುದೂ ಮಂಡಕ್ಕಿ ಭಟ್ಟಿಯೊಳಗೆ ತಲೆ ತೂರಿಸುವುದೂ ಒಂದೇ. ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಟರ್ಬೊ ಇದೆ. ಬಿಸಿಲೇರಿದರೆ ಅದಕ್ಕೂ ನನ್ನ ಹಾಗೇ ಜೋಂಪು. ಯಾಕೆ ಅಂತ ಬೆಂಗಳೂರಿನ ಬಾಮೈದನನ್ನು ಕೇಳಿದೆ. ಕೇಳಬಾರದಿತ್ತು.

ಒಂದು ಗಂಟೆ ಫೋನಿನಲ್ಲಿ ಪಾಠ ಮಾಡಿದ. ಎಂಜಿನ್ನು ಉಗುಳುವ ಹೊಗೆಯೇ ಟರ್ಬೊದ ಚಕ್ರ ತಿರುಗಿಸುತ್ತದೆ, ನಿಮಿಷಕ್ಕೆ ಲಕ್ಷ ಸುತ್ತು ದಾಟಿ. ಆ ಚಕ್ರದ ಇನ್ನೊಂದು ಮಗ್ಗುಲು ಹೊರಗಿನ ಗಾಳಿಯನ್ನು ಎಳೆದು, ಅದುಮಿ, ಎಂಜಿನ್ನಿಗೆ ತುರುಕುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಇಲ್ಲಿ ಅದು 100 ಡಿಗ್ರಿಯನ್ನೂ ಮೀರಬಹುದು. ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಬಂಪರ್ ಹಿಂದೆ ಇಂಟರ್‌ಕೂಲರ್ ಅಂತ ಒಂದು ಅಲ್ಯೂಮಿನಿಯಂ ಜಾಲರಿ. ಗಾಳಿ ಅದರಲ್ಲಿ ಹಾದು ತಣ್ಣಗಾಗಿ ಎಂಜಿನ್ನಿಗೆ ಹೋಗಬೇಕು.

“ದೊಡ್ಡದು ಹಾಕಿಸ್ರಿ ಭಾವ, ಗಾಡಿ ಹಾರ್ತತಿ” ಅಂದ. ಎಂಜಿನ್ನಿನ ಟ್ಯೂನಿಂಗ್ ಮುಟ್ಟದೆ ಇಂಟರ್‌ಕೂಲರ್ ಒಂದನ್ನೇ ದೊಡ್ಡದು ಮಾಡಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ, ತುಂಬಿಸಬೇಕಾದ ಜಾಗ ಜಾಸ್ತಿಯಾಗಿ ಟರ್ಬೊ ಇನ್ನಷ್ಟು ತಡವಾಗಿ ಏಳಬಹುದು ಅನ್ನುವುದನ್ನು ಅವನು ಪಾರ್ಸೆಲ್ ಬಂದ ಮೇಲೆ ಹೇಳಿದ.

“ಇರೋದೇ ಚೆನ್ನಾಗೈತಲ್ಲ ಸಾವ್ಕಾರ್ರೆ, ಯಾಕ್ ಬಿಚ್ತೀರಿ?” ಅಂದ ಮೆಕ್ಯಾನಿಕ್ಕು, ಬಿಚ್ಚುವುದಾದರೆ ಕೂಲಿ ಎಷ್ಟು ಅಂತಲೂ ಹೇಳಿದ. ಆ ಮೊತ್ತ ಕೇಳಿ ನನ್ನೊಳಗಿನ ಮೆಕ್ಯಾನಿಕ್ಕು ಎದ್ದು ಕೂತ. ಚೌಕಿಪೇಟೆಯಲ್ಲಿ 25 ವರ್ಷದಿಂದ ಬಟ್ಟೆ ಅಂಗಡಿ ಇಟ್ಟವನಿಗೆ ಅಳತೆ ತಪ್ಪೀತೆ?

ಎರಡಿಂಚು ತಪ್ಪಿತು. ಅದು ಭಾನುವಾರ ಬಂಪರ್ ಬಿಚ್ಚಿದ ಮೇಲೆ ಗೊತ್ತಾಯಿತು. ಬಂಪರ್ ಹಿಡಿದಿಟ್ಟ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಪ್ಪಳದ ಹಾಗೆ ಟಪ್ ಟಪ್ ಅಂತ ಮುರಿದವು. ಮೊದಲನೆಯದು ಮುರಿದಾಗ ಬೇಜಾರಾಯಿತು, ಆರನೆಯದರ ಹೊತ್ತಿಗೆ ಒಂಥರಾ ಖುಷಿಯಾಗತೊಡಗಿತು. ಹಳೇ ಇಂಟರ್‌ಕೂಲರನ್ನು ಓರೆ ಮಾಡಿದ್ದೇ ತಡ, ಒಳಗಿದ್ದ ಎಣ್ಣೆ ಹೆಂಡತಿ ಬೆಳಿಗ್ಗೆ ಇಟ್ಟಿದ್ದ ರಂಗೋಲಿಯ ಮೇಲೆ ಇಳಿಯಿತು. ಎಂಟೆಳೆ ಕಮಲದ ನಡುವೆ ಕಪ್ಪು ಬೊಟ್ಟು. ನೋಡ ನೋಡುತ್ತಿದ್ದಂತೆ ಅದು ಬಿಳಿ ಪುಡಿಯನ್ನು ಹೀರುತ್ತಾ ಎಸಳಿಂದ ಎಸಳಿಗೆ ಹರಡಿತು. ಎಂಜಿನ್ನೇ ಸತ್ತಿತೆಂದು ಬಾಮೈದನಿಗೆ ಫೋಟೊ ಕಳಿಸಿದೆ. “ಸ್ವಲ್ಪ ಎಣ್ಣೆ ಇದ್ದೇ ಇರ್ತತಿ, ಗಾಬರಿಯಾಗ್ಬ್ಯಾಡ್ರಿ. ಪೈಪಿನ ಬಾಯಿ ಮುಚ್ಚಿಡ್ರಿ, ನಟ್ಟುಗಿಟ್ಟು ಬಿದ್ದರೆ ಕಥೆ ಮುಗೀತು” ಅಂದ. ಕೈಗೆ ಸಿಕ್ಕ ಬಟ್ಟೆ ತುರುಕಿ ಮುಚ್ಚಿದೆ.

ಅಷ್ಟರಲ್ಲಿ ನಟ್ಟು ಬಿಚ್ಚುವ 10ರ ಸಾಕೆಟ್ ಮಾಯ. ಈ ದೇಶದಲ್ಲಿ ಹೆಚ್ಚು ಕಳೆಯುವ ವಸ್ತು ಛತ್ರಿ ಅಂತ ತಿಳಿದಿದ್ದೆ, ಅಲ್ಲ.

“ಏನೇ, ಸಾಕೆಟ್ ನೋಡಿದ್ಯಾ?” ಅಂತ ಕೂಗಿದೆ.

“ಸಾಕ್ಸಾ? ತಂತಿ ಮ್ಯಾಲೆ ಒಣಹಾಕೀನಲ್ಲ, ಅಲ್ಲೇ ಅದಾವ ನೋಡ್ರಿ” ಒಳಗಿಂದ ಉತ್ತರ.

ತಂತಿ ನೋಡಿದೆ. “ಇಲ್ಲಿಲ್ಲ” ಅಂದೆ. ಸಾಕೆಟ್ ಯಾಕೆ ತಂತಿಯ ಮೇಲಿರುತ್ತದೆ ಅಂತ ಆಗ ಹೊಳೆಯಲಿಲ್ಲ. ಪಾನಾ ಹಿಡಿದು ಕೆಲಸ ಮುಂದುವರಿಸಿದೆ. ಬಂಪರ್ ಒಳಗಿನ ಪ್ಲಾಸ್ಟಿಕ್ಕನ್ನು ಹ್ಯಾಕ್ಸಾದಲ್ಲಿ ಕೊಯ್ದದ್ದು, ಎರಡು ಸಲ ಬೆರಳು ಕೊಯ್ದುಕೊಂಡದ್ದು, ಆ ವಿವರ ಬೇಡ. ಸಂಜೆಗೆ ಬಂಪರ್ ಕೂತಿತು. ಎಡಗಡೆ ಒಂಚೂರು ನಗುತ್ತಿತ್ತು, ಅಷ್ಟೆ.

ದುರ್ಗದವರೆಗೆ ಹೋಗಿ ಬರೋಣ ಅಂತ ಹೈವೇ ಹತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಚುಂಯ್ಯ್ ಅಂತ ಸದ್ದು, ಬೆಣ್ಣೆದೋಸೆ ಹೋಟೆಲಿನಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಸದ್ದೇನೋ ಬಾಯಲ್ಲಿ ನೀರು ತರಿಸುವಂಥದ್ದೇ, ಗಾಡಿ ಮಾತ್ರ ಏಳಲಿಲ್ಲ. ಹಿಂದೆ ಕಪ್ಪು ಹೊಗೆ, ಮುಂದೆ ಎಂಜಿನ್ನಿನ ಹಳದಿ ದೀಪ. ಮೆಕ್ಕೆಜೋಳದ ಲಾರಿಯೊಂದು ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿತು. ಆನಗೋಡಿನಲ್ಲೇ ತಿರುಗಿಸಿದೆ.

ಸೋಮವಾರ ಪಂಕ್ಚರ್ ಅಂಗಡಿಗೆ ಹೋದೆ. ನಲ್ಲಿ ಪೈಪಿನ ಪಿವಿಸಿ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬಿನ ವಾಲ್ವ್ ಕೂರಿಸಿ, ಅದನ್ನು ಟರ್ಬೊದ ಬಾಯಿಗೆ ಬಿಗಿದು, ಟೈರಿಗೆ ಹಾಕುವ ಹಾಗೆ ಗಾಳಿ ಬಿಡುವುದು. ಟೈರಿಗೆ ಹಾಕುವಷ್ಟಲ್ಲ, 10 ಪಾಯಿಂಟ್ ಸಾಕು. ಹುಡುಗ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದ. ಟರ್ಬೊದ ಹತ್ತಿರದ ಪೈಪಿನಲ್ಲಿ ಬುಳುಬುಳು ಗುಳ್ಳೆ.

“ಓಬವ್ವನ ಕಿಂಡಿ ಸಿಕ್ತು ಸಾವ್ಕಾರ್ರೆ!”

ಪೈಪಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ, ಪೈಪು ಬಿಗಿಯುವ ಕ್ಲಿಪ್ಪು ಅದರ ಹಿಂದೆ ಕೂರಬೇಕು. ನಾನು ಉಬ್ಬಿನ ತಲೆಯ ಮೇಲೇ ಬಿಗಿದಿದ್ದೆ. ಸರಿಮಾಡಿದೆವು. ಚುಂಯ್ ನಿಂತಿತು. ಹೊಗೆ ನಿಲ್ಲಲಿಲ್ಲ, ಗಾಡಿಯೂ ಏಳಲಿಲ್ಲ. ಎರಡು ದಿನ ಅಂಗಡಿಗೆ ಆಟೊದಲ್ಲಿ ಹೋದೆ.

ಬುಧವಾರ ಮಗನಿಗೆ ಬಿಳಿ ಯೂನಿಫಾರಂ. ಎಂಟು ಗಂಟೆಗೆ ಮನೆಯೆಲ್ಲ ಜಾಲಾಡಿಸುತ್ತಿದ್ದರು. ಮಂಚದಡಿ, ವಾಷಿಂಗ್ ಮಶೀನು, ಪಕ್ಕದ ಮನೆಯವರ ತಂತಿ. “ರೀ, ಭಾನುವಾರ ತಂತಿ ಮ್ಯಾಲಿದ್ದ ಹುಡುಗನ ಸಾಕ್ಸ್ ಕಂಡ್ರಾ?”

ನನಗೆ ಆ ತಂತಿ ಕಣ್ಮುಂದೆ ಬಂತು. ಅದಕ್ಕೆ ಕೈ ಚಾಚಿದ ನನ್ನ ಎಣ್ಣೆಗೈಯೂ ಬಂತು.

ಮಾತಾಡದೆ ಹೊರಗೆ ಹೋಗಿ ಬಂಪರ್ ಬಿಚ್ಚಿದೆ. ಮುರಿಯಲು ಕ್ಲಿಪ್ಪೇ ಉಳಿದಿರಲಿಲ್ಲವಾದ್ದರಿಂದ ಬೇಗ ಬಂತು. ಟರ್ಬೊದಿಂದ ಬರುವ ಪೈಪು ಕಳಚಿದರೆ ಇಂಟರ್‌ಕೂಲರಿನ ಬಾಯಿಗೆ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ಎಳೆದೆ. ಹಿಮ್ಮಡಿಯ ಹತ್ತಿರ ಮಾತ್ರ ಇನ್ನೂ ಒಂಚೂರು ಬಿಳಿ ಇತ್ತು.

ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು. ಬಾಗಿಲಲ್ಲಿ ಮಗ ಬರಿಗಾಲಲ್ಲಿ ನಿಂತಿದ್ದ.

“ಇನ್ನೊಂದು ಎಲ್ಲೈತ್ರಿ?”

ಇಂಟರ್‌ಕೂಲರಿನಿಂದ ಎಂಜಿನ್ನಿನ ಕಡೆ ಹೋಗುವ ಪೈಪನ್ನು ನೋಡುತ್ತಾ ಮತ್ತೆ ಪಾನಾ ಎತ್ತಿಕೊಂಡೆ.