ವಿಡಿಯೊ ನೋಡಿ, ಡೇಟಾಶೀಟನ್ನೂ ಓದಿ

ಆರ್ಡುಯಿನೊ ಉನೊ ಅಂದರೆ ಎಲೆಕ್ಟ್ರಾನಿಕ್ಸ್ ಕಲಿಯುವವರು ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಬೋರ್ಡು. ಅದನ್ನು ಕೊಂಡವರು ಮೊದಲು ಮಾಡುವ ಕೆಲಸ ಒಂದು ಎಲ್‌ಇಡಿ ಮಿನುಗಿಸುವುದು. ಅದಕ್ಕೆ ಹರಿಯುವ ಕರೆಂಟನ್ನು ಮಿತಿಯಲ್ಲಿಡಲು ಒಂದು ರೆಸಿಸ್ಟರ್ ಬೇಕು. ವಿಡಿಯೊಗಳಲ್ಲಿ ಜಾಸ್ತಿ ಕಾಣುವುದು 220 ಓಮ್‌ನದ್ದು. ಪಿನ್ನಿನಿಂದ 5 ವೋಲ್ಟ್ ಬರುತ್ತದೆ, ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಗುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಹತ್ತಿರಹತ್ತಿರ 14 ಮಿಲಿಆಂಪಿಯರ್. ಹಳೆಯ ಉನೊ ಆರ್3 ಬೋರ್ಡಿಗೆ ಇದರಿಂದ ಏನೂ ತೊಂದರೆಯಿಲ್ಲ. ಒಂದು ಪಿನ್ನಿಗೆ 20 ಮಿಲಿಆಂಪಿಯರ್‌ವರೆಗೆ ಅಂತ ಕಂಪನಿಯೇ ಬರೆದಿದೆ.

2023ರಲ್ಲಿ ಉನೊ ಆರ್4 ಬಂತು. ಅದೇ ಆಕಾರ, ಅದೇ 5 ವೋಲ್ಟ್, ಪಿನ್ನುಗಳೂ ಅದೇ ಜಾಗದಲ್ಲಿ. ಆದರೆ ಒಳಗಿನ ಚಿಪ್ ಬೇರೆ. ಅದರ ಪಿನ್ನಿಗೆ ಮಿತಿ ಬರೀ 8 ಮಿಲಿಆಂಪಿಯರ್! ಅದೇ 220 ಓಮ್ ಹಾಕಿದರೆ ಮಿತಿ ದಾಟಿತು.

ಹಳೆಯ ವಿಡಿಯೊ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ತಮ್ಮ ಮುಂದಿದ್ದ ಬೋರ್ಡಿನ ಬಗ್ಗೆ ಅವರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಕೈಯಲ್ಲಿರುವ ಬೋರ್ಡಿನ ಸಂಗತಿ ಇರುವುದು ಅದರ ಡೇಟಾಶೀಟಿನಲ್ಲಿ, ಅಂದರೆ ತಯಾರಿಸಿದ ಕಂಪನಿಯೇ ಅದರ ವಿವರ, ಮಿತಿಗಳನ್ನು ಬರೆದುಕೊಡುವ ದಾಖಲೆಯಲ್ಲಿ, ಒಂದೇ ಸಾಲಿನಲ್ಲಿ. ಆ ಸಾಲು ಓದಿದವರು 470 ಓಮ್ ಹಾಕಿಕೊಂಡು ಮುಂದೆ ಹೋಗುತ್ತಾರೆ.

ಬೆಸುಗೆ ಹಾಕುವುದನ್ನು ಕಲಿಯಲು ನಾನೂ ವಿಡಿಯೊ ನೋಡಿ ಅಂತಲೇ ಹೇಳುತ್ತೇನೆ. ಕೈಚಳಕ ಕಣ್ಣಿಂದಲೇ ಬರಬೇಕು.

ಆದರೆ ಕನ್ನಡ ಮಾಧ್ಯಮದಿಂದ ಬಂದ ಹುಡುಗರು "ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಸರ್, ಅದಕ್ಕೇ ವಿಡಿಯೊ" ಅಂದಾಗ ನಿಜಕ್ಕೂ ಬೇಜಾರಾಗುತ್ತದೆ. ಡೇಟಾಶೀಟಿನ ಇಂಗ್ಲಿಷ್ ಪೇಪರಿನ ಇಂಗ್ಲಿಷ್‌ಗಿಂತ ಸುಲಭ. ಸಣ್ಣ ವಾಕ್ಯಗಳು, ತಿರುಗಿ ತಿರುಗಿ ಬರುವ ಅವೇ ಪದಗಳು, ಉಳಿದದ್ದೆಲ್ಲ ಟೇಬಲ್ ಮತ್ತು ಚಿತ್ರ. ಇಲ್ಲಿ ಕೊರತೆ ಇಂಗ್ಲಿಷಿನದ್ದಲ್ಲ. ಇದನ್ನು ಹೇಗೆ ಓದಬೇಕು ಅಂತ ಅವರಿಗೆ ಯಾರೂ ಕೂತು ತೋರಿಸಿಲ್ಲ, ಅಷ್ಟೇ. ಪಠ್ಯಪುಸ್ತಕದ ಹಾಗೆ ಮೊದಲ ಪುಟದಿಂದ ಶುರು ಮಾಡುತ್ತಾರೆ, ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಆರ್3ರಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಡೇಟಾಶೀಟ್ ನೂರಾರು ಪುಟ ಇದೆ. ಅದನ್ನು ಪೂರ್ತಿ ಓದಬೇಕಾಗಿಲ್ಲ. ಮೊದಲು ಪಿನ್ನುಗಳ ಚಿತ್ರ ನೋಡಿ. ಆಮೇಲೆ ಸೀದಾ 'ಎಲೆಕ್ಟ್ರಿಕಲ್ ಕ್ಯಾರೆಕ್ಟರಿಸ್ಟಿಕ್ಸ್' ಅಧ್ಯಾಯಕ್ಕೆ ಹೋಗಿ. ಅಲ್ಲಿ 'ಆಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್' ಅಂತ ಒಂದು ಪಟ್ಟಿ ಇದೆ. ಒಂದು ಪಿನ್ನಿಗೆ 40 ಮಿಲಿಆಂಪಿಯರ್ ಅಂತ ಬರೆದಿದೆ. ತುಂಬಾ ಜನ ಇದನ್ನು ನೋಡಿ "ಓ, 40 ಎಳೆಯಬಹುದು" ಅಂದುಕೊಳ್ಳುತ್ತಾರೆ. ಅಲ್ಲ! ಅದನ್ನು ದಾಟಿದರೆ ಚಿಪ್ ಹಾಳಾಗಬಹುದು, ಆ ಅಂಚಿನಲ್ಲೇ ತುಂಬಾ ಹೊತ್ತು ಇಟ್ಟರೂ ಬಾಳಿಕೆ ಕಡಿಮೆಯಾಗಬಹುದು ಅಂತ ಪಕ್ಕದಲ್ಲೇ ಎಚ್ಚರಿಕೆ ಇದೆ. ಪವರ್ ಪಿನ್ನುಗಳಿಗೆ 200 ಮಿಲಿಆಂಪಿಯರ್ ಮಿತಿ ಬೇರೆ. ಅಂದರೆ ಹತ್ತಾರು ಎಲ್‌ಇಡಿ ಒಟ್ಟಿಗೆ ಹಾಕುವವರು ಅದನ್ನೂ ಲೆಕ್ಕ ಹಿಡಿಯಬೇಕು. ನಂತರ ಬರುವ ಟೇಬಲ್‌ನಲ್ಲಿ ಪಿನ್ನುಗಳ ವೋಲ್ಟೇಜನ್ನು ಅಳೆದಿರುವುದು 20 ಮಿಲಿಆಂಪಿಯರ್‌ನಲ್ಲಿ. ಮೊದಲನೆಯದು ಚಿಪ್ ಹಾಳಾಗುವ ಅಂಚು, ಎರಡನೆಯದು ಅದು ಸರಿಯಾಗಿ ಕೆಲಸ ಮಾಡುವ ಮಟ್ಟ. ಈ ಎರಡು ಟೇಬಲ್‌ಗಳ ವ್ಯತ್ಯಾಸ ಗೊತ್ತಾದ ಹುಡುಗಿ ಅಥವಾ ಹುಡುಗ ಮುಂದೆ ಯಾವ ಚಿಪ್ ಕೊಟ್ಟರೂ ಹೆದರುವುದಿಲ್ಲ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಹಟ.

ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೇಳಿಕೆ. ವೈವಾದಲ್ಲಿ ವ್ಯಾಖ್ಯೆ ಒಪ್ಪಿಸಲು ಹೇಳುವ ಬದಲು ಒಂದು ಡೇಟಾಶೀಟ್ ಕೈಗೆ ಕೊಡಿ. ಕನ್ನಡದಲ್ಲೇ ಕೇಳಿ: "ಈ ಪಿನ್ನಿಗೆ ರಿಲೇನ (ಕರೆಂಟಿನಿಂದ ನಡೆಯುವ ಸ್ವಿಚ್ಚನ್ನ) ನೇರವಾಗಿ ಜೋಡಿಸಬಹುದಾ? ಯಾವ ಪುಟ ನೋಡಿ ಹೇಳ್ತೀಯಾ?" ಉತ್ತರಕ್ಕೆ ಅರ್ಧ ಅಂಕ, ಪುಟ ತೋರಿಸಿದ್ದಕ್ಕೆ ಇನ್ನರ್ಧ ಕೊಡಿ.